ನಲವತ್ತು ದಿನದ ಬೆಳಕು

ಬಿಸಿಲಿಗೆ ಕಾದ ಗೋಣಿತಾಟಿನ ವಾಸನೆಯನ್ನು ತಾವೂ ಬಲ್ಲಿರಿ. ಸೆಣಬಿನ ನಾರಿನ ಒಣ ಘಾಟು, ಎಂದೋ ತುಂಬಿದ್ದ ರಾಗಿಯ ಧೂಳು, ಅದರಡಿಯಲ್ಲಿ ಹಳೆಯ ನೀರಿನ ಮುಗ್ಗಲು, ಇವೆಲ್ಲವೂ ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗಿ ಒಟ್ಟಿಗೆ ಮೇಲೇಳುತ್ತವೆ. ಕಳೆದ ಬೇಸಿಗೆಯಲ್ಲಿ ನಾನು ಕೆಲಸ ಮಾಡುವ ಕಚೇರಿಯ ದಾಖಲೆ ಕೊಠಡಿಯನ್ನು ಸ್ವಚ್ಛಗೊಳಿಸಿದಾಗ, ಕಡತಗಳನ್ನು ಕಟ್ಟಿಟ್ಟಿದ್ದ ಗೋಣಿಚೀಲಗಳನ್ನು ಹಿಂಬದಿಯ ಅಂಗಳದಲ್ಲಿ ಹರಡಿದ್ದರು. ಸಹಿ ಮಾಡಿಸಬೇಕಾಗಿದ್ದ ಪತ್ರವೊಂದನ್ನು ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದ ನಾನು ಮುಂದೆ ಹೆಜ್ಜೆ ಇಡಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಪ್ಪನೊಬ್ಬರ ಹೊರತು ಬೇರೆ ಯಾರ ಮುಂದೆಯೂ ಇದುವರೆಗೆ ಹೇಳದಿದ್ದ ಒಂದು ಸಂಗತಿಯನ್ನು ಬರೆದಿಡಬೇಕೆಂದು ಅಂದೇ ತೀರ್ಮಾನಿಸಿದೆ. ಅರ್ಜಿ, ಟಿಪ್ಪಣಿ, ಜ್ಞಾಪನಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಇಲ್ಲಿ ಕಂಡುಬರಬಹುದಾದ ಲೋಪದೋಷಗಳನ್ನು ಓದುಗ ಮಹನೀಯರು ಮನ್ನಿಸಬೇಕಾಗಿ ಮೊದಲಿಗೇ ವಿನಂತಿಸಿಕೊಳ್ಳುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಯು ಲಕ್ಷ್ಮೀಪುರಂನ ಒಂದು ಅಡ್ಡರಸ್ತೆಯಲ್ಲಿತ್ತು. ಮುಂದೆ ಎರಡು ಕೋಣೆ, ನಡುವೆ ಕೆಂಪು ಗಾರೆಯ ಹಜಾರ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಬಾಗಿಲು ತೆರೆದರೆ ನಾಲ್ಕು ಮೆಟ್ಟಿಲಿಳಿದು ಸೇರುವ ಹಿತ್ತಿಲು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ನಲ್ಲಿ, ಅವುಗಳಾಚೆ ಕಲ್ಲಿನ ಕಂಬಗಳ ಮೇಲೆ ತಂತಿ ಎಳೆದು ಕಟ್ಟಿದ ದ್ರಾಕ್ಷಿಯ ಚಪ್ಪರ. ಚಪ್ಪರ ದೊಡ್ಡದೇನಲ್ಲ, ಅದರ ಕೆಳಗೆ ನಾಲ್ಕು ಮಂಚಗಳನ್ನು ಹಾಕಬಹುದಾಗಿತ್ತು, ಅಷ್ಟೆ. ಎತ್ತರವೂ ಕಡಿಮೆ, ಅಪ್ಪ ತಲೆ ತಗ್ಗಿಸಿಯೇ ಅದರಡಿ ಓಡಾಡಬೇಕಿತ್ತು. ಬಳ್ಳಿಯನ್ನು ನೆಟ್ಟವರು ಅಪ್ಪನ ಅಕ್ಕ, ನನ್ನ ಸೋದರತ್ತೆ ಗಿರಿಜಮ್ಮನವರು. ಅವರಿಗೆ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿದ ವರ್ಷ ಎಲ್ಲಿಂದಲೋ ಒಂದು ಗೇಣುದ್ದದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ತಮ್ಮನ ಕೈಗೆ ಕೊಟ್ಟು, "ಲೋ ಶಿವು, ನೀನು ಕಸಿ ಮೇಸ್ತ್ರಿ ಅನ್ನೋದು ನಿಜವಾದ್ರೆ ಇದನ್ನ ಬದುಕಿಸು ನೋಡೋಣ" ಎಂದಿದ್ದರಂತೆ. ಕಡ್ಡಿ ಬದುಕಿತು. ಕಪ್ಪು ಹಣ್ಣು, ದಪ್ಪ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು. ಹಣ್ಣಾದ ದಿನಗಳಲ್ಲಿ ಅದರ ಪರಿಮಳವು ಅಡುಗೆಮನೆಯ ಒಗ್ಗರಣೆಯ ವಾಸನೆಯನ್ನೂ ಮೀರಿ ಹಜಾರದವರೆಗೆ ಬರುತ್ತಿತ್ತು.

ಅಪ್ಪ ಒಂದು ಸಸ್ಯಕ್ಷೇತ್ರದಲ್ಲಿ ಕಸಿ ಕಟ್ಟುವ ಮೇಸ್ತ್ರಿಯಾಗಿದ್ದರು. ಹೆಚ್ಚು ಓದಿದವರಲ್ಲ. ಆದರೆ ಅಲ್ಲಿಗೆ ಬರುತ್ತಿದ್ದ ಅಧಿಕಾರಿಗಳು ಆಡಿದ ಮಾತುಗಳನ್ನು ಕೇಳಿಸಿಕೊಂಡು, ಮನೆಗೆ ಬಂದು ನಮ್ಮ ಬಳ್ಳಿಯ ಮೇಲೆ ಪರೀಕ್ಷಿಸಿ, ನಿಜವೆಂದು ಖಚಿತವಾದುದನ್ನು ಮಾತ್ರ ನನಗೆ ಹೇಳಿಕೊಡುತ್ತಿದ್ದರು. ಚಪ್ಪರದ ಕಂಬಕ್ಕೆ ಒಂದು ಉಷ್ಣಮಾಪಕವನ್ನು ತೂಗುಹಾಕಿದ್ದರು. ಅದನ್ನು ಕಂಡಾಗಲೆಲ್ಲ ಅತ್ತೆ ನಗುತ್ತಿದ್ದರು: "ನೋಡೇ ಶೈಲು, ನಿಮ್ಮಪ್ಪ ಬಳ್ಳಿಗೆ ಥರ್ಮಾಮೀಟರ್ ಇಟ್ಟವ್ನೆ. ನಂಗೆ ಜ್ವರ ಬಂದ್ರೆ ಮಾತ್ರ ಹಣೆ ಮುಟ್ಟಿ, ಏನಿಲ್ಲ ಬುಡಕ್ಕ ಅಂತಾನೆ." ಅಪ್ಪ ಪಾದರಸದ ಗೆರೆಯನ್ನೇ ನೋಡುತ್ತಿದ್ದರು. ಹಗಲು ಬೆಚ್ಚಗಿದ್ದು ರಾತ್ರಿ ತಣ್ಣಗಾದರೆ ಹಣ್ಣಿಗೆ ಗಾಢವಾದ ಬಣ್ಣ ಬರುವುದೆಂದೂ, ರಾತ್ರಿಯೂ ಸೆಕೆಯಿದ್ದರೆ ಹಣ್ಣು ಸಿಹಿಯಾದರೂ ಕೆಂಪಾಗಿಯೇ ಉಳಿದುಬಿಡುವುದೆಂದೂ, ಚಳಿ ಹೆಚ್ಚಾದರೆ ಬಳ್ಳಿಯ ಕಣ್ಣು, ಎಂದರೆ ಮೊಗ್ಗು, ಒಡೆಯುವುದು ನಿಧಾನವಾಗುವುದೆಂದೂ ನಾನು ಶಾಲೆಯಲ್ಲಿ ಮಗ್ಗಿ ಕಲಿಯುವ ಕಾಲಕ್ಕೇ ಕಲಿತಿದ್ದೆ.

ಇವೆಲ್ಲಕ್ಕಿಂತ ಮುಖ್ಯವಾದ ಪಾಠವೊಂದಿತ್ತು. ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರಬೇಕು. ಯುಗಾದಿ ಕಳೆದ ವಾರದಲ್ಲಿ ಒಮ್ಮೆ ಎಲ್ಲ ಕೊಂಬೆಗಳನ್ನೂ ಮೋಟು ಮಾಡಿ ಬಳ್ಳಿಯನ್ನು ಬೋಳಾಗಿಸಬೇಕು. ದಸರೆ ಮುಗಿದ ಮೇಲೆ, ಆಗ ಬೆಳೆದ ಹೊಸ ಕಡ್ಡಿಗಳನ್ನು ಅಳತೆ ನೋಡಿ ಕತ್ತರಿಸಬೇಕು. ಹಣ್ಣು ಬರುವುದು ಎರಡನೆಯ ಕತ್ತರಿಯ ನಂತರವೇ ಆದರೂ ಅದು ತೀರ್ಮಾನವಾಗುವುದು ಬೇಸಿಗೆಯಲ್ಲಿ. "ಈಗ ಚಿಗುರ್ತಾ ಇದೆಯಲ್ಲ, ಇದರ ಒಂದೊಂದು ಕಣ್ಣೊಳಗೂ ಮುಂದಿನ ಗೊಂಚಲು ಈಗ್ಲೇ ಕೂತ್ಕೋಬೇಕು ಕಣಮ್ಮ," ಎಂದು ಅಪ್ಪ ಎಲೆಯ ಬುಡದಲ್ಲಿದ್ದ ಕಂದು ಮೊಗ್ಗನ್ನು ಉಗುರಿನಿಂದ ತೋರಿಸುತ್ತಿದ್ದರು. "ಚಿಗುರು ಬಂದು ನಲವತ್ತು ದಿನ ಒಳ್ಳೆ ಬಿಸಿಲು ಬಿದ್ರೆ ಇದು ಗೊಂಚಲಾಗುತ್ತೆ. ಬೀಳ್ಲಿಲ್ವೋ, ಅದೇ ಕಣ್ಣು ತಂತಿ ಸುತ್ತಿಕೊಳ್ಳೋ ಸುರುಳಿ ಆಗ್ಬಿಡುತ್ತೆ. ಹಣ್ಣೂ ಅದೇ, ಸುರುಳೀನೂ ಅದೇ. ಬೆಳಕು ಸಿಕ್ತಾ ಇಲ್ವಾ ಅನ್ನೋದೊಂದೇ ವ್ಯತ್ಯಾಸ." ಒಂಬತ್ತು ವರ್ಷದ ನನಗೆ ಈ ಮಾತು ಬಹಳ ಹಿಡಿಸಿತ್ತು. ಮೊಗ್ಗಿನ ಒಳಗೆ ಕುಳಿತು ಬೆಳಕಿಗಾಗಿ ಕಾಯುತ್ತಿರುವ ಗೊಂಚಲನ್ನು ನಾನು ಕಣ್ಣು ಮುಚ್ಚಿ ಕಾಣಬಲ್ಲವಳಾಗಿದ್ದೆ.

ಆ ವರ್ಷ ಅಪ್ಪ ಎಂದಿನಂತೆ ಬಳ್ಳಿಯನ್ನು ಸವರಿ ಬೋಳಾಗಿಸಿದ ಮರುವಾರವೇ ಅತ್ತೆ ತಮ್ಮ ಬಾಡಿಗೆ ಕೋಣೆಯನ್ನು ಬಿಟ್ಟು, ಒಂದು ಟ್ರಂಕು ಮತ್ತು ಎರಡು ಚೀಲಗಳೊಂದಿಗೆ ನಮ್ಮ ಮನೆಗೆ ಬಂದರು. ಅವರು ಮದುವೆಯಾದವರಲ್ಲ. ಎದೆಯಲ್ಲಿ ಗಡ್ಡೆಯಾಗಿ, ಅದನ್ನು ತೆಗೆದು, ಈಗ ಆಸ್ಪತ್ರೆಯಲ್ಲಿ ಕರೆಂಟ್, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕಾಗಿದೆ ಎಂಬ ವಿಷಯವನ್ನು ದೊಡ್ಡವರು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರೇ ಹೊರತು ನನಗೆ ಯಾರೂ ತಿಳಿಸಲಿಲ್ಲ. ಅಂಥ ಕಾಯಿಲೆಗಳನ್ನು ಮಕ್ಕಳ ಮುಂದೆ ಹೆಸರಿಸುವ ರೂಢಿ ನಮ್ಮಲ್ಲಿರಲಿಲ್ಲ. ನಾನು ಕಂಡದ್ದು ಇಷ್ಟೇ: ಅಪ್ಪ ಪ್ರತಿದಿನ ಬೆಳಿಗ್ಗೆ ಅತ್ತೆಯನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದರು, ಹನ್ನೊಂದರೊಳಗೆ ಹಿಂದಿರುಗಿ, ಅವರನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು, ಅತ್ತೆಯ ಕೊರಳ ಕೆಳಗೆ, ರವಿಕೆಯ ಅಂಚಿನಲ್ಲಿ, ನೇರಳೆ ಶಾಯಿಯ ಗೆರೆಗಳಿದ್ದವು. "ಯಾರು ಬರೆದದ್ದು ಅತ್ತೆ?" ಎಂದು ಕೇಳಿದ್ದಕ್ಕೆ, "ಡಾಕ್ಟ್ರು ಕಣೇ. ಎಷ್ಟು ವರ್ಷ ನಾನು ಮಕ್ಕಳ ಪುಸ್ತಕದ ಮೇಲೆ ಗೀಚಿಲ್ಲ? ಈಗ ನನ್ನ ಸರದಿ," ಎಂದಿದ್ದರು.

ಅವರಿಗೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ಚಪ್ಪರದ ಕೆಳಗೆ ಮಲಗುತ್ತೇನೆ ಎಂದರು. ಆದರೆ ಚಪ್ಪರ ಬೋಳಾಗಿತ್ತು. ಏಪ್ರಿಲ್ಲಿನ ಬಿಸಿಲು ತಂತಿಗಳ ನಡುವಿನಿಂದ ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಆಗ ಅಪ್ಪ ಹತ್ತು ಹನ್ನೆರಡು ಗೋಣಿಚೀಲಗಳನ್ನು ಬಿಚ್ಚಿ, ದಬ್ಬಳದಿಂದ ಉದ್ದುದ್ದದ ಪಟ್ಟೆಗಳಾಗಿ ಹೊಲಿದು, ಚಪ್ಪರದ ಮೇಲೆಲ್ಲ ಹೊದಿಸಿ, ನಡುವೆ ಮರದ ಮಂಚವನ್ನು ಹಾಕಿಸಿದರು. ಅಮ್ಮ ಮೆಟ್ಟಿಲ ಮೇಲೆ ನಿಂತು, "ಚಿಗುರೋ ಬಳ್ಳಿಗೆ ಗೋಣಿ ಹೊದಿಸಿದ್ರೆ ಈ ವರ್ಷ ಹಣ್ಣಿನ ಗತಿ?" ಎಂದು ಕೇಳಿದರು. ಅಪ್ಪ ದಬ್ಬಳವನ್ನು ಗೋಣಿಗೆ ಚುಚ್ಚಿಟ್ಟು, "ಈ ವರ್ಷ ಹಣ್ಣಿಲ್ಲ. ಬರೀ ಸುರುಳಿ," ಎಂದರು. ಅದೇ ಸಂಜೆ ಅತ್ತೆ ನನ್ನ ಜಡೆ ಹೆಣೆಯುತ್ತಾ, "ಶಿವರಾತ್ರಿಗೆ ಹಣ್ಣು ಬರ್ತದಲ್ಲ, ಆವಾಗ ನೀನೂ ನಾನೂ ಇಲ್ಲೇ ಕೂತು ಬೀಜ ಉಗೀತಾ ತಿನ್ನೋಣ. ಅಷ್ಟೊತ್ತಿಗೆ ನಾನು ಗಟ್ಟಿ ಆಗ್ಬುಟ್ಟಿರ್ತೀನಿ," ಎಂದರು. ಈ ಎರಡು ಮಾತುಗಳನ್ನು ನಾನು ನನ್ನ ಬುದ್ಧಿಗೆ ತೋಚಿದಂತೆ ಒಟ್ಟುಗೂಡಿಸಿಕೊಂಡೆ. ಹಣ್ಣು ಬಂದರೆ ಅತ್ತೆ ಗಟ್ಟಿಯಾಗುತ್ತಾರೆ. ಗೋಣಿ ಇದ್ದರೆ ಹಣ್ಣು ಬರುವುದಿಲ್ಲ. ಗೋಣಿಯು ಮಲಗುವವರ ಸುಖಕ್ಕೆ ಮಾತ್ರ ಎಂದು ನಾನು ತಿಳಿದಿದ್ದೆ.

ಶಾಲೆಗೆ ಬೇಸಿಗೆ ರಜೆಯಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಹಜಾರದ ತಣ್ಣನೆಯ ನೆಲದ ಮೇಲೆ ನಿದ್ರಿಸುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹಿತ್ತಿಲಿಗೆ ಹೋಗಿ, ಮಂಚದ ಚೌಕಟ್ಟಿನ ಮೇಲೆ ಹತ್ತಿ ನಿಂತು, ಕಸಬರಿಕೆಯ ಹಿಡಿಯಿಂದ ಗೋಣಿಯ ಒಂದು ಪಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ನನಗೆ ಎಟುಕುತ್ತಿದ್ದುದು ಮಂಚದ ನೇರಕ್ಕಿದ್ದ ಆ ಒಂದು ಪಟ್ಟೆ ಮಾತ್ರ. ಗೋಣಿ ಸರಿದೊಡನೆ ಅದರ ಕಾದ ವಾಸನೆ, ಧೂಳು, ಅದರ ಹಿಂದೆಯೇ ಬಿಸಿಲು, ಮೂರೂ ಒಟ್ಟಿಗೆ ಕೆಳಗೆ ಬೀಳುತ್ತಿದ್ದವು. ಮೊದಲನೆಯ ದಿನ ಅತ್ತೆ ಬೆಚ್ಚಿ ಎದ್ದು ಕುಳಿತು, "ಏನೇ ಇದು ನಿನ್ನ ಉಪದ್ವ್ಯಾಪ?" ಎಂದರು. ನಾನು ಅಪ್ಪ ಹೇಳಿದ ಪಾಠವನ್ನು ಒಪ್ಪಿಸಿದೆ. ಕಣ್ಣು, ಗೊಂಚಲು, ಸುರುಳಿ, ನಲವತ್ತು ದಿನ, ಶಿವರಾತ್ರಿ, ಒಂದನ್ನೂ ಬಿಡಲಿಲ್ಲ. ಅತ್ತೆ ಕೊನೆಯವರೆಗೂ ಕೇಳಿದರು. ನಂತರ ಮೇಲಕ್ಕೆ ನೋಡಿದರು. ಗೋಣಿಯ ಕೆಳಗೆ ಬಿಳಿಚಿಕೊಂಡು ಉದ್ದಕ್ಕೆ ಹರಿದಿದ್ದ ಚಿಗುರುಗಳು ಬಿಸಿಲಿನಲ್ಲಿ ಹೊಳೆಯುತ್ತಿದ್ದವು. "ಸರಿ, ನಾನು ಮೆಟ್ಟಿಲ ಮೇಲೆ ಕೂತಿರ್ತೀನಿ. ಎರಡು ಗಂಟೆ ಆದ್ಮೇಲೆ ಮುಚ್ಚಿಬುಡು. ನಿಮ್ಮಪ್ಪಂಗೆ ಹೇಳ್ಬೇಡ," ಎಂದರು.

ಆಮೇಲಿನ ದಿನಗಳಲ್ಲಿ ನಾನು ಮಂಚ ಹತ್ತಿದಾಗ ಬೀಳದಿರಲೆಂದು ಅತ್ತೆ ನನ್ನ ಎರಡೂ ಕಾಲುಗಳನ್ನು ಹಿಡಿದುಕೊಳ್ಳುತ್ತಿದ್ದರು. ಆ ಅಂಗೈಗಳ ಬಿಸಿ ನನಗೆ ಇಂದಿಗೂ ಗೊತ್ತು. ಗೋಣಿ ಸರಿದ ಮೇಲೆ ಗೋಡೆ ಹಿಡಿದು ನಡೆದು, ಅಡುಗೆಮನೆಯ ನೆರಳಿನ ಮೆಟ್ಟಿಲ ಮೇಲೆ ಕುಳಿತು, ನನಗೆ ಕಥೆ ಹೇಳುತ್ತಿದ್ದರು. ಒಗೆಯುವ ಕಲ್ಲಿನ ಹಿಂಬದಿಯಲ್ಲಿ ನಾನು ದಿನಕ್ಕೊಂದು ಇದ್ದಿಲಿನ ಗೆರೆಯನ್ನು ಎಳೆಯುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಅತ್ತೆಗೆ ಎದ್ದು ಮೆಟ್ಟಿಲವರೆಗೆ ಹೋಗುವ ಶಕ್ತಿ ಉಳಿಯಲಿಲ್ಲ. ಮಂಚವನ್ನು ಎಳೆಯಲು ನಾನು ಪ್ರಯತ್ನಿಸಿದೆ, ಅದು ಅಲುಗಲಿಲ್ಲ. ಅಂದು ನಾನು ಕಸಬರಿಕೆಯನ್ನು ಕೆಳಗಿಟ್ಟು ಹಿಂದಿರುಗಬಹುದಾಗಿತ್ತು. ಹಾಗೆ ಮಾಡಲಿಲ್ಲ. "ಇನ್ನು ಹತ್ತೊಂಬತ್ತೇ ದಿನ ಅತ್ತೆ," ಎಂದು ಹೇಳಿದೆ. ಅವರು ನನ್ನ ಮುಖವನ್ನು ನೋಡಿ, "ಒಂದು ಟವಲ್ ನೆನೆಸ್ಕೊಂಡು ಬಾ. ಎದೆ ಮೇಲೆ ಹಾಕ್ಕೋತೀನಿ. ನೀನು ತೆಗಿ," ಎಂದರು. ಟವಲ್ ಕಾಲು ಗಂಟೆಯಲ್ಲಿ ಒಣಗುತ್ತಿತ್ತು. ಕೆಲವು ದಿನ ನಾನು ಮತ್ತೆ ನೆನೆಸಿಕೊಟ್ಟೆ. ಕೆಲವು ದಿನ ಆಟದಲ್ಲಿ ಮರೆತೆ. ಈ ಕೊನೆಯ ವಾಕ್ಯವನ್ನು ಬರೆಯಲು ನಾನು ನಾಲ್ಕು ದಿನ ತೆಗೆದುಕೊಂಡಿದ್ದೇನೆ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ನಲವತ್ತು ಗೆರೆಗಳು ಪೂರ್ಣವಾದ ಒಂದೆರಡು ದಿನಕ್ಕೆ, ಕರೆಂಟ್ ಕೊಡುತ್ತಿದ್ದ ಜಾಗದಲ್ಲಿ ಅತ್ತೆಯ ಚರ್ಮವು ಸುಲಿದು ಹುಣ್ಣಾಯಿತು. ಆಸ್ಪತ್ರೆಯಿಂದ ಹಿಂದಿರುಗಿದ ಅಪ್ಪ ಅಮ್ಮನೊಡನೆ ಮಾತಾಡಿದ್ದು ನನಗೆ ಬಾಗಿಲ ಹಿಂದೆ ಕೇಳಿಸಿತು. "ಗಾಯ ಮಾಗೋ ತನಕ ಕರೆಂಟ್ ನಿಲ್ಲಿಸ್ಬೇಕಂತೆ. ಬಿಸಿಲು ತಾಗಿದೆಯಾ ಅಂತ ಮತ್ತೆ ಮತ್ತೆ ಕೇಳಿದ್ರು. ಅಕ್ಕ, ಇಲ್ಲ ಡಾಕ್ಟ್ರೇ, ನೆರಳಲ್ಲೇ ಇದ್ದೆ, ಅಂದ್ಲು." ಅಪ್ಪ ಮತ್ತೆ ಹೇಳಿದರು: "ಗೋಣಿ ತೂತಿಂದ ಬಿದ್ದಿರ್ಬೇಕು ಕಣೇ. ನಾನೇ ಇನ್ನೊಂದು ಪದರ ಹಾಕ್ಬೇಕಿತ್ತು." ಬಿಸಿಲು ತಾಗಬಾರದಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಆ ಸಂಜೆ ಅಪ್ಪ ಲಾಂದ್ರವಿಲ್ಲದೆ, ಮುಳುಗುವ ಬೆಳಕಿನಲ್ಲೇ ಕುಳಿತು, ಮತ್ತಷ್ಟು ಗೋಣಿಗಳನ್ನು ಹೊಲಿದರು. ನಾನು ದಬ್ಬಳಕ್ಕೆ ಹುರಿ ಪೋಣಿಸಿಕೊಟ್ಟೆ. ಬಾಯಿ ಬಿಡಲಿಲ್ಲ. ಮಂಚದ ಮೇಲಿಂದ ಅತ್ತೆ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು, ತರಗತಿಯಲ್ಲಿ ಗದ್ದಲ ಮಾಡುವ ಮಕ್ಕಳಿಗೆ ಇಡುವಂತೆ.

ಗಾಯ ಮಾಗಲು ಬಹಳ ದಿನಗಳು ಹಿಡಿದವು. ಕರೆಂಟ್ ಮತ್ತೆ ಆರಂಭವಾಯಿತು. ಆದರೆ ಅತ್ತೆ ಗಟ್ಟಿಯಾಗಲಿಲ್ಲ. ದಸರೆಗೆ ಬೀದಿಯಲ್ಲಿ ಬಲ್ಬಿನ ಸರಗಳನ್ನು ಕಟ್ಟುತ್ತಿದ್ದ ವಾರದಲ್ಲಿ, ಒಂದು ಬೆಳಗಿನ ಹೊತ್ತು, ಅವರು ಲಿಂಗೈಕ್ಯರಾದರು. ಮಠದಿಂದ ಸ್ವಾಮಿಗಳು ಬಂದರು. ಅತ್ತೆಯ ಶಾಲೆಯ ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರಾಗಿ ಹೂವಿಟ್ಟು ಹೋದರು. ಅವರಲ್ಲೊಬ್ಬಳು ಹೂವಿನ ಬದಲು ತನ್ನ ಕಾಪಿ ಪುಸ್ತಕವನ್ನು ತಂದಿದ್ದಳು. ಅದನ್ನು ತೆರೆದು ಯಾರಿಗೆ ತೋರಿಸಬೇಕೆಂದು ತಿಳಿಯದೆ ನಿಂತಿದ್ದಳು.

ಕಾರ್ಯಗಳೆಲ್ಲ ಮುಗಿದ ಬಳಿಕ ಅಪ್ಪ ಬಳ್ಳಿಗೆ ಎರಡನೆಯ ಕತ್ತರಿ ಹಾಕಿದರು. ಹಣ್ಣಿನ ನಿರೀಕ್ಷೆಯಿಂದಲ್ಲ, ಅಭ್ಯಾಸಬಲದಿಂದ. ದೀಪಾವಳಿ ಕಳೆದು ಕೆಲವು ದಿನಗಳಿಗೆ ಚಿಗುರೊಡೆಯಿತು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಚಪ್ಪರದಡಿ ತಲೆ ತಗ್ಗಿಸಿ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಂತರ, "ಶೈಲೂ, ಬಾಮ್ಮ ಇಲ್ಲಿ," ಎಂದು ಕರೆದರು. ನಾನು ಹೋದೆ. ಚಪ್ಪರದ ತುಂಬ ಎಳೆಯ ಸುರುಳಿಗಳು ತಂತಿಗಾಗಿ ತಡಕಾಡುತ್ತಿದ್ದವು. ನಡುವೆ ಮಾತ್ರ, ಒಂದು ಮಂಚದ ಉದ್ದಕ್ಕೆ, ಗೋಣಿಯ ಒಂದು ಪಟ್ಟೆಯ ಅಗಲಕ್ಕೆ, ಹಸಿರು ಸಾಸಿವೆಯನ್ನು ಪೋಣಿಸಿದಂಥ ಹೂಗೊಂಚಲುಗಳು ಒತ್ತಾಗಿ ಇಳಿಬಿದ್ದಿದ್ದವು. ಅಪ್ಪ ಪಾಠ ಕೇಳುವ ಅದೇ ದನಿಯಲ್ಲಿ ಕೇಳಿದರು.

"ಅಲ್ಲೆಲ್ಲ ಸುರುಳಿ. ಇಲ್ಲಿ ಮಾತ್ರ ಗೊಂಚಲು. ಯಾಕೆ?"

"ಇಲ್ಲಿ ಬೆಳಕು ಬಿದ್ದಿತ್ತು ಅಪ್ಪ."

"ಹೆಂಗೆ ಬಿತ್ತು?"

"ನಾನು ಗೋಣಿ ಸರಿಸ್ತಿದ್ದೆ. ಊಟ ಆದ್ಮೇಲೆ."

"ಎಷ್ಟು ದಿನ?"

"ನಲವತ್ತು ದಿನ. ನೀವೇ ಹೇಳಿದ್ರಲ್ಲ."

ಅಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತರು. ಅವರು ಕೈ ಎತ್ತಿದ್ದರೆ ನಾನು ಹೊಡೆತಕ್ಕೆ ಸಿದ್ಧಳಾಗಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಬಾರಿ ಅಂದುಕೊಂಡಿದ್ದೇನೆ. ಅವರು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, "ಅಕ್ಕಂಗೆ ಗೊತ್ತಿತ್ತಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪನ ಎದೆ ನನ್ನ ಕಿವಿಗೆ ತಾಗಿ ಏರಿಳಿಯುತ್ತಿತ್ತು. "ತಪ್ಪು ನಂದು ಕಣಮ್ಮ. ಬಳ್ಳಿಗೆ ಬೆಳಕು ಯಾಕೆ ಬೇಕು ಅಂತ ಹೇಳ್ಕೊಟ್ಟೆ. ನಿಮ್ಮತ್ತೆಗೆ ನೆರಳು ಯಾಕೆ ಬೇಕು ಅಂತ ಹೇಳ್ಕೊಡ್ಲಿಲ್ಲ," ಎಂದರು. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಈ ವಿಷಯವು ನಮ್ಮಿಬ್ಬರ ನಡುವೆ ಮತ್ತೊಮ್ಮೆ ಪ್ರಸ್ತಾಪವಾಗಲಿಲ್ಲ.

ಆ ವರ್ಷದ ಮಾಘದಲ್ಲಿ ಹಗಲುಗಳು ಬೆಚ್ಚಗೂ ರಾತ್ರಿಗಳು ತಣ್ಣಗೂ ಇದ್ದವು. ಹಣ್ಣಿಗೆ ಎಂದೂ ಬಾರದಿದ್ದ ಬಣ್ಣ ಬಂದಿತು. ಶಿವರಾತ್ರಿಯ ದಿನ ಅಮ್ಮ ಬುಟ್ಟಿ ಹಿಡಿದು ಚಪ್ಪರದಡಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರೀ, ಅತ್ತಿಗೆ ಮಲಗಿದ್ದ ಜಾಗದಲ್ಲೇ ಬಿಟ್ಟದೆ. ಬೇರೆ ಎಲ್ಲೂ ಒಂದು ಕಾಯಿಲ್ಲ. ಅವ್ರದೇ ಆಶೀರ್ವಾದ ಕಣ್ರೀ ಇದು." ಅಪ್ಪ, "ಹೂಂ," ಎಂದಷ್ಟೇ ಹೇಳಿ ಗೊಂಚಲುಗಳನ್ನು ಕತ್ತರಿಸಿ ಕೊಟ್ಟರು. ಪೂಜೆಯಾಯಿತು. ಅಕ್ಕಪಕ್ಕದ ಮನೆಗಳಿಗೆ ಹಂಚಿದ್ದಾಯಿತು. ಅಮ್ಮ ನನ್ನ ಕೈಗೆ ಇಟ್ಟ ಗೊಂಚಲಿನಿಂದ ಒಂದು ಹಣ್ಣನ್ನು ನಾನು ಬಾಯಿಗೆ ಹಾಕಿಕೊಂಡೆ. ಅದು ಬಹಳ ಸಿಹಿಯಾಗಿತ್ತು. ಅಷ್ಟು ಸಿಹಿಯಾದ ಹಣ್ಣನ್ನು ಆ ಬಳ್ಳಿ ಹಿಂದೆಂದೂ ಕೊಟ್ಟಿರಲಿಲ್ಲ ಎಂಬ ವಾಸ್ತವಾಂಶವನ್ನು ಮುಚ್ಚಿಡಲು ನಾನು ಇಚ್ಛಿಸುವುದಿಲ್ಲ.

ಮುಂದಿನ ಯುಗಾದಿ ಕಳೆದು ವಾರವಾದಾಗ ಅಪ್ಪ ಕತ್ತರಿಯನ್ನು ಸಾಣೆ ಹಿಡಿದು ಚಪ್ಪರದಡಿ ಹೋದರು. ಒಂದು ಕೊಂಬೆಯನ್ನು ಹಿಡಿದು ನಿಂತರು. ಕತ್ತರಿಸದೆ ಹಿಂದಿರುಗಿ, ಕತ್ತರಿಯನ್ನು ಅಟ್ಟದ ಮೇಲಿಟ್ಟರು. ಅಂದಿನಿಂದ ಆ ಬಳ್ಳಿಗೆ ಅವರು ಕತ್ತರಿ ತಾಗಿಸಲಿಲ್ಲ. ಅದು ತನಗೆ ಬೇಕಾದಂತೆ ಹಬ್ಬಿತು. ಎಲೆಯ ಮೇಲೆ ಎಲೆ ಬಿದ್ದು ಒಳಗಿನ ಕಣ್ಣುಗಳಿಗೆ ಬೆಳಕೇ ಸಿಗದಂತಾಯಿತು. ತುತ್ತತುದಿಯಲ್ಲಿ ಎಲ್ಲೋ ಒಂದೆರಡು ಹುಳಿ ಗೊಂಚಲು ಬಂದರೆ ಅವು ಹಕ್ಕಿಗಳ ಪಾಲು. ಸಸ್ಯಕ್ಷೇತ್ರದ ಜೊತೆಗಾರರು ಬಂದಾಗ, "ಏನ್ ಶಿವಣ್ಣ, ಊರೋರ ಬಳ್ಳೀನೆಲ್ಲ ಸವರ್ತೀರ, ನಿಮ್ಮನೇದು ಕಾಡು ಬೆಳ್ದಂಗೆ ಬೆಳ್ದದಲ್ಲ!" ಎಂದು ಹಾಸ್ಯ ಮಾಡುತ್ತಿದ್ದರು; ಅಪ್ಪನೂ ಅವರೊಂದಿಗೆ ನಗುತ್ತಿದ್ದರು. ನಾನು ಕಾಲೇಜು ಸೇರಿದ ವರ್ಷ ಧೈರ್ಯ ಮಾಡಿ, "ಅಪ್ಪ, ಈ ಸಲ ಸವರೋಣ್ವಾ? ಹಣ್ಣು ಬರುತ್ತೆ," ಎಂದು ಕೇಳಿದೆ. ಅವರು ಮೇಲಕ್ಕೆ ನೋಡಿ, "ಇರ್ಲಿ ಬುಡಮ್ಮ. ನೆರಳಿರ್ಲಿ," ಎಂದರು.

ಬಹಳ ವರ್ಷಗಳ ನಂತರ, ಪರಿಚಯದ ವೈದ್ಯೆಯೊಬ್ಬರ ಬಳಿ, ಬೇರೆ ಯಾರದೋ ವಿಷಯವೆಂಬಂತೆ ನಾನು ವಿಚಾರಿಸಿದ್ದುಂಟು. ಕಾಯಿಲೆಯು ಅಷ್ಟು ಮುಂದುವರಿದಿದ್ದಲ್ಲಿ ಆ ಬಿಸಿಲಿನಿಂದಾಗಲಿ, ಕರೆಂಟ್ ನಿಂತಿದ್ದ ದಿನಗಳ ಬಿಡುವಿನಿಂದಾಗಲಿ ಹೆಚ್ಚಿನ ವ್ಯತ್ಯಾಸವಾಗಿರಲಾರದು ಎಂದು ಅವರು ತಿಳಿಸಿದರು. ಅವರ ಉತ್ತರವನ್ನು ನಾನು ಗೌರವದಿಂದ ಸ್ವೀಕರಿಸಿದ್ದೇನೆ. ಒಪ್ಪಿಕೊಳ್ಳಲು ಮಾತ್ರ ಇನ್ನೂ ಸಾಧ್ಯವಾಗಿಲ್ಲ. ಅತ್ತೆ ಎಲ್ಲವನ್ನೂ ತಿಳಿದೂ ನನ್ನ ಕಾಲುಗಳನ್ನು ಏಕೆ ಹಿಡಿದುಕೊಂಡರು ಎಂಬುದಕ್ಕೆ ಉತ್ತರಿಸಬಲ್ಲವರು ಈಗ ಯಾರೂ ಇಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲಕ್ಕೆ ಅಪ್ಪ ತೀರಿಕೊಂಡರು. ಮರುವರ್ಷ, ಒಂದು ಮೇ ತಿಂಗಳಲ್ಲಿ, ಮನೆಯನ್ನು ಕೊಂಡವರಿಗೆ ಬಿಟ್ಟುಕೊಟ್ಟೆವು. ಸಾಮಾನುಗಳೆಲ್ಲ ಲಾರಿಯಲ್ಲಿ ಹೋದ ಮೇಲೆ, ಅಮ್ಮ ಆಟೋದಲ್ಲಿ ಕುಳಿತು ಕಾಯುತ್ತಿರುವಾಗ, ನಾನೊಬ್ಬಳೇ ಹಿತ್ತಿಲಿಗೆ ಹೋದೆ. ಸೂರ್ಯ ನೆತ್ತಿಯ ಮೇಲಿದ್ದ. ಬೀದಿಯಲ್ಲಿ ಡಾಂಬರು ಕರಗುವ ಬಿಸಿಲಿತ್ತು. ಅತ್ತೆ ಮಲಗುತ್ತಿದ್ದ ಜಾಗದಲ್ಲಿ ನಿಂತು ಮೇಲಕ್ಕೆ ನೋಡಿದೆ, ಕೆಳಗೆ ನೋಡಿದೆ, ಮೂಲೆ ಮೂಲೆಯನ್ನೂ ಹುಡುಕಿದೆ. ಆ ಚಪ್ಪರದ ಕೆಳಗೆ ಎಲ್ಲಿಯೂ ಅಂಗೈಯಗಲದಷ್ಟು ಬಿಸಿಲೂ ಬಿದ್ದಿರಲಿಲ್ಲ.